ದೀಪ ಹಚ್ಚುವ ಹೊತ್ತಿನ ಬಾಗಿಲು

ನನ್ನ ಮೇಲಿನ ಸಾಲಿನ ಒಂದು ಹಲ್ಲು ನನ್ನದಲ್ಲ. ಅದು ನಾವಿರುವ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನ ದಂತವೈದ್ಯೆ ಕೂರಿಸಿದ್ದು. ನನ್ನ ಸ್ವಂತ ಹಲ್ಲು ದಕ್ಷಿಣ ಆಫ್ರಿಕಾದ ಒಂದು ಅಡುಗೆಮನೆಯ ಗೋಡೆಗೆ ಬಡಿದು ಮುರಿಯಿತು. ಮುರಿಯುವ ಮುಂಚೆ ಅದು ಒಬ್ಬ ಕಳ್ಳನ ಕೈಯನ್ನು ರಕ್ತ ಬರುವಂತೆ ಕಚ್ಚಿತ್ತು. ಆ ವರ್ಷದಲ್ಲಿ ನಾನು ಮಾಡಿದ ಎಷ್ಟೋ ಕೆಲಸಗಳನ್ನು ಮರೆತಿದ್ದೇನೆ, ಆ ಕಚ್ಚಿದ್ದನ್ನು ಮರೆತಿಲ್ಲ. ಅದರ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ನನ್ನ ಗಂಡ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ದನ ಮೇಯುವ ಹುಲ್ಲಿನ ಸಂಶೋಧನೆ ಮಾಡುತ್ತಾರೆ. ಆ ಕೆಲಸದ ಮೇಲೆಯೇ ಒಂದು ವರ್ಷದ ಮಟ್ಟಿಗೆ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಅವಕಾಶ ಬಂತು. ನಾವು ನಾಲ್ವರೂ ಹೊರಟೆವು: ಅವರು, ನಾನು, ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳಲ್ಲಿದ್ದ ಮಗಳು, ಮತ್ತು ಮಾವನವರು ತೀರಿಕೊಂಡ ಮೇಲೆ ಧಾರವಾಡದಿಂದ ನಮ್ಮ ಹತ್ತಿರ ಬಂದಿದ್ದ ಅತ್ತೆ. ನಮ್ಮಲ್ಲಿ ಆ ದೇಶವನ್ನು ಮನಸಾರೆ ಮೆಚ್ಚಿದವರು ಅತ್ತೆ ಒಬ್ಬರೇ. ನ್ಯೂಜಿಲೆಂಡಿನ ಚಳಿಯಲ್ಲಿ ಮೊಣಕಾಲು ಹಿಡಿದುಕೊಂಡು ಹೀಟರಿನ ಮುಂದೆಯೇ ಕೂತಿರುತ್ತಿದ್ದವರು ಅಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಸೊಪ್ಪು ಸೋಸುತ್ತಿದ್ದರು. ಮೇಲಾಗಿ ಅಲ್ಲಿ ಜೋಳದ ಹಿಟ್ಟು ಸಿಗುತ್ತಿತ್ತು. ಅಲ್ಲಿಯವರು ಅದಕ್ಕೆ ಬೇರೆ ಹೆಸರು ಹೇಳಿ ಗಂಜಿ ಮಾಡುತ್ತಾರೆ, ಬಣ್ಣವೂ ತುಸು ಕೆಂಪು. ಆದರೆ ಬಿಸಿನೀರು ಹಾಕಿ ನಾದಿದರೆ ರೊಟ್ಟಿ ಆಗುತ್ತಿತ್ತು. ಮೊದಲ ರೊಟ್ಟಿ ಉಬ್ಬಿದ ದಿನ ಅತ್ತೆ, "ಇದು ನಮ್ಮ ಮಂದಿ ದೇಶ ಐತಿ ಬಿಡ್ರೆ," ಎಂದು ಘೋಷಿಸಿಬಿಟ್ಟರು.

ಆ ಮನೆಯಲ್ಲಿ ಅವರಿಗೆ ಸಹಿಸಲಾಗದ್ದು ಒಂದೇ ಇತ್ತು. ಮುಂಬಾಗಿಲ ಹೊರಗೆ ಇನ್ನೊಂದು ಕಬ್ಬಿಣದ ಜಾಳಿಗೆಯ ಬಾಗಿಲಿತ್ತು, ಅದಕ್ಕೆ ಯಾವಾಗಲೂ ಬೀಗ. ಅತ್ತೆ ಹುಟ್ಟಿದಾಗಿನಿಂದ ಮುಸ್ಸಂಜೆಗೆ ಹಿತ್ತಲ ಬಾಗಿಲು ಹಾಕಿ, ಮುಂಬಾಗಿಲು ತೆರೆದಿಟ್ಟು, ಹೊಸ್ತಿಲಲ್ಲಿ ದೀಪ ಹಚ್ಚಿದವರು. ಲಕ್ಷ್ಮಿ ಮುಂದಿನಿಂದ ಬರಬೇಕು, ಬಂದವಳು ಹಿಂದಿನಿಂದ ಹೋಗಬಾರದು, ಅಷ್ಟೇ ಲೆಕ್ಕ. ಅಲ್ಲಿ ನನ್ನ ಗಂಡ ಮರದ ಬಾಗಿಲನ್ನು ಮಾತ್ರ ತೆರೆಯಲು ಒಪ್ಪಿದರು. ಜಾಳಿಗೆ ಮುಟ್ಟುವ ಹಾಗಿಲ್ಲ ಎಂದು ಕಟ್ಟಪ್ಪಣೆ. ತಿಂಗಳುಗಟ್ಟಲೆ ಅತ್ತೆ ಕಂಬಿಗಳ ಈಚೆ ದೀಪವಿಟ್ಟು, "ಆಕಿ ಏನು ಇಲಿಯೇನು, ಸಂದ್ಯಾಗ ನುಸುಳಲಿಕ್ಕೆ?" ಎಂದು ಗೊಣಗುತ್ತಿದ್ದರು. ನಾವು ನಗುತ್ತಿದ್ದೆವು.

ಶ್ರಾವಣದ ಒಂದು ಶುಕ್ರವಾರ ಮುಸ್ಸಂಜೆಗೆ ಸರಿಯಾಗಿ ಕರೆಂಟು ಹೋಯಿತು. ಆ ವರ್ಷ ದಿನಬೆಳಗಾದರೆ ಕರೆಂಟು ಹೋಗುತ್ತಿತ್ತು. ಕಳ್ಳರು ಹತ್ತದಂತೆ ಕಾಂಪೌಂಡ್ ಗೋಡೆಯ ಮೇಲೆ ಎಳೆದಿದ್ದ ವಿದ್ಯುತ್ ತಂತಿಯೂ ಬೀದಿಯ ದೀಪವೂ ಸತ್ತಿದ್ದವು. ನಾನು ಮೇಣದಬತ್ತಿಯ ಬೆಳಕಿನಲ್ಲಿ ಗ್ಯಾಸಿನ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದೆ. ಶ್ರಾವಣ ಶುಕ್ರವಾರ, ಮನೆ ಕತ್ತಲು, ಲಕ್ಷ್ಮಿ ಹೊರಗೆ. ಅತ್ತೆಗೆ ತಡೆಯಲಾಗಲಿಲ್ಲ. ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡು ಜಾಳಿಗೆಯನ್ನೂ ಅಗಲವಾಗಿ ತೆರೆದು ದೀಪ ಹಚ್ಚಿದರು.

ಮೂವರು ಒಳಗೆ ಬಂದರು. ಒಬ್ಬನ ಕೈಯಲ್ಲಿ ಪಿಸ್ತೂಲು, ಒಬ್ಬನ ಕೈಯಲ್ಲಿ ಚಾಕು. ಮೂರನೆಯವನು ಮಗಳನ್ನು ಕುತ್ತಿಗೆ ಹಿಡಿದು ಗೋಡೆಗೆ ಮುಖ ಮಾಡಿ ಕೂರಿಸಿದ. ನನ್ನ ಗಂಡ ಕೈ ಎತ್ತಿ, ಏನು ಬೇಕಾದರೂ ಒಯ್ಯಿರಿ ಎಂದರು. ಕಳ್ಳರು ತಿಜೋರಿ ಎಲ್ಲಿ ಎಂದು ಕೇಳಿದರು. ಭಾರತದವರ ಮನೆಯಲ್ಲಿ ಬಂಗಾರ ಇದ್ದೇ ಇರುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ನಮ್ಮ ಮನೆಯಲ್ಲಿ ಇಲ್ಲ ಎಂಬುದು ನಮಗೆ ಮಾತ್ರ ಗೊತ್ತಿತ್ತು. ತಿಜೋರಿ ಇಲ್ಲ ಎಂದದ್ದಕ್ಕೆ ಪಿಸ್ತೂಲಿನವನು ಅದರ ಹಿಡಿಯಿಂದ ನನ್ನ ಗಂಡನ ಮುಖಕ್ಕೆ ಹೊಡೆದ. ಇಲ್ಲ ಎಂದು ಮತ್ತೆ ಹೇಳಿದರು, ಅದೇ ಜಾಗಕ್ಕೆ ಮತ್ತೆ ಹೊಡೆದ. ಆ ಸದ್ದು ನನಗೆ ಇನ್ನೂ ಕೇಳುತ್ತದೆ. ಅವರು ಬಿದ್ದ ಮೇಲೆ ಬೂಟುಗಾಲಿನಿಂದ ಒದ್ದ. ಚಾಕುವಿನವನು ಅಡುಗೆಮನೆಗೆ ಬಂದು ನನ್ನ ತಾಳಿಗೆ ಕೈ ಹಾಕಿ ಎಳೆದ. ಸರ ಕುತ್ತಿಗೆಯನ್ನು ಕೊಯ್ದುಕೊಂಡು ಹರಿಯಿತು, ಕರಿಮಣಿ ರೊಟ್ಟಿಯ ಹಿಟ್ಟಿನಲ್ಲೆಲ್ಲ ಉದುರಿತು. ಆಗಲೇ ನಾನು ಆ ಕೈಯನ್ನು ಕಚ್ಚಿದ್ದು. ಅವನು ಕೂದಲು ಹಿಡಿದು ನನ್ನ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಒಲೆಯ ಮೇಲಿನ ರೊಟ್ಟಿ ಹತ್ತಿ ಹೊಗೆಯೇಳುತ್ತಿತ್ತು, ನಾನು ನೆಲದ ಮೇಲೆ ರಕ್ತ ಉಗುಳುತ್ತಿದ್ದೆ.

ಅತ್ತೆ ಬಾಗಿಲ ಹತ್ತಿರ ನಿಂತಲ್ಲೇ ನಿಂತಿದ್ದರಂತೆ. ಅವರು ಆಮೇಲೆ ಹೇಳಿದ್ದು ಒಂದೇ ಮಾತು: "ದೀಪಾ ಒದೀಲಿಲ್ಲ ಅವರು. ದಾಟಿ ಬಂದ್ರು, ದಾಟಿ ಹ್ವಾದ್ರು."

ಎದುರು ಮನೆಯ ಶಿಕ್ಷಕಿ ಆ ಊರಿನವರೇ, ಒಂಟಿ ಹೆಂಗಸು. ಮಗಳ ಕಿರುಚಾಟ ಕೇಳಿ ಓಡಿಬಂದು, ನನ್ನ ಗಂಡನ ಮುಖಕ್ಕೆ ತಮ್ಮ ಶಾಲನ್ನೇ ಒತ್ತಿಹಿಡಿದು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಬಲಗಣ್ಣು ಉಳಿಯಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವರು ತಾಯಿಯನ್ನು ನೋಡಿದ ಕೂಡಲೇ, "ಬಂದ್ಲಲ್ಲವ್ವಾ ನಿನ್ನ ಲಕ್ಷ್ಮಿ? ಸಮಾಧಾನ ಆತೇನು?" ಎಂದರು. ಆ ಮೇಲೆ ತಾಯಿ ಮಗ ನೇರವಾಗಿ ಮಾತಾಡಿದ್ದನ್ನು ನಾನು ಬಹಳ ಕಾಲ ಕೇಳಲಿಲ್ಲ.

ವರ್ಷದ ಒಪ್ಪಂದ ಮುಗಿಸಿ ಪಾಮರ್ಸ್ಟನ್ ನಾರ್ತ್‌ಗೆ ವಾಪಸಾದೆವು. ಇಲ್ಲಿಯ ಕನ್ನಡದವರ ಮನೆಗಳಲ್ಲಿ ಊಟಕ್ಕೆ ಕರೆದು ಸಮಾಧಾನ ಹೇಳುವುದು ಶುರುವಾಯಿತು. "ಆಫ್ರಿಕಾ ಅಂದ್ರ ಹಂಗ ಬಿಡ್ರಿ, ಪಾರಾಗಿ ಬಂದ್ರಲ್ಲ," ಎಂದು ಒಬ್ಬರು ಬಜ್ಜಿ ತಿನ್ನುತ್ತಾ ಹೇಳಿದಾಗ ನನಗೆ ಮೈ ಉರಿದುಹೋಯಿತು. "ಕಾರಿನ ಸೀಟೆಲ್ಲಾ ರಕ್ತ ಆದ್ರೂ ದವಾಖಾನಿ ಮುಟ್ಟಿಸಿದಾಕೀನೂ ಆಫ್ರಿಕಾದಾಕೀನ ರೀ," ಎಂದು ತಟ್ಟೆ ಕೆಳಗಿಟ್ಟೆ. ಆ ಮನೆಯವರು ಮತ್ತೆ ನಮ್ಮನ್ನು ಕರೆಯಲಿಲ್ಲ. ಒಳ್ಳೆಯದೇ ಆಯಿತು, ಅವರ ಬಜ್ಜಿಯಲ್ಲಿ ಉಪ್ಪಿರಲಿಲ್ಲ.

ಅವರು ತಿಳಿದಂತೆ ನಾವು ಪಾರಾಗಿಯೂ ಬಂದಿರಲಿಲ್ಲ. ನಮ್ಮ ಬೀದಿಯಲ್ಲಿ ಜನ ಬೀಗ ಹಾಕುವುದನ್ನೇ ಮರೆಯುತ್ತಾರೆ. ನನ್ನ ಗಂಡ ಮುಂಬಾಗಿಲಿಗೆ ಎರಡು ಹೊಸ ಚಿಲಕ ಜಡಿದರು. ಅಂಗಡಿಯಿಂದ ಹಳೆಯ ಕ್ರಿಕೆಟ್ ಬ್ಯಾಟು ತಂದು ಸೋಫಾದ ಪಕ್ಕಕ್ಕೆ ನಿಲ್ಲಿಸಿದರು. ಗಾಳಿಗೆ ಹೊರಗಿನ ಕಸದ ಡಬ್ಬಿ ಉರುಳಿದರೂ ಬ್ಯಾಟು ಕೈಗೆ ಬರುತ್ತಿತ್ತು. ಈ ಊರಿನಲ್ಲಿ ಗಾಳಿ ಬೀಸದ ದಿನ ಯಾವುದು? ಒಂದು ಸಲ ಸಾರಿನ ಪಾತ್ರೆಯನ್ನು ಗೋಡೆಗೆ ಎಸೆದರು. ಇನ್ನೊಂದು ಸಲ ಬಚ್ಚಲಿನ ಬಾಗಿಲಿಗೆ ಗುದ್ದಿ ತೂತು ಮಾಡಿದರು. ವಾಪಸಾದ ಮೊದಲ ವಾರವೇ ಅತ್ತೆ ಸಂಜೆ ದೀಪ ಹಿಡಿದುಕೊಂಡು ಚಿಲಕಕ್ಕೆ ಕೈ ಹಾಕಿದಾಗ, ಇವರು ಆ ಕೈಯನ್ನು ಎಷ್ಟು ಜೋರಾಗಿ ತಳ್ಳಿದರೆಂದರೆ ದೀಪ ಬಿದ್ದು ಎಣ್ಣೆ ಕಾರ್ಪೆಟ್ಟಿಗೆ ಇಳಿಯಿತು. ಆ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅತ್ತೆ ಅಂದಿನಿಂದ ದೀಪ ಹಚ್ಚುವುದನ್ನು ಬಿಟ್ಟರು.

ಕೆಲವು ದಿನಗಳ ಮೇಲೆ ನನ್ನ ಹತ್ತಿರ ಬಂದು, "ನನ್ನ ಹುಬ್ಬಳ್ಳಿಗೆ ಮಗಳ ಮನಿಗೆ ಕಳಸಿಬಿಡವಾ. ನನ್ನ ನೋಡಿದ್ರ ಅಂವಂಗ ಕಣ್ಣ ನೆನಪಾಗ್ತದ," ಎಂದರು. ಅತ್ತೆಯ ಮೇಲಿನ ಪ್ರೀತಿ ಒಂದು ಕಡೆ, ನನ್ನ ಭಯ ಇನ್ನೊಂದು ಕಡೆ. ಅವರು ಹೋದರೆ ಈ ಮನೆಯಲ್ಲಿ ನಾನು, ಮಗಳು ಮತ್ತು ಆ ಬ್ಯಾಟು ಉಳಿಯುತ್ತಿದ್ದೆವು. ಬೇಡವೆಂದು ಅಂಗಲಾಚಿದೆ. ಅವರು ಕೇಳಲಿಲ್ಲ. ಗಂಡ ಮರುಮಾತಿಲ್ಲದೆ ಮೇ ತಿಂಗಳಿಗೆ ಟಿಕೆಟು ಮಾಡಿದರು.

ಏಪ್ರಿಲ್‌ನಲ್ಲಿ ಇಲ್ಲಿ ಫೀಜೋವಾ ಹಣ್ಣಿನ ಸುಗ್ಗಿ. ಹಸಿರು, ಮೊಟ್ಟೆಯಷ್ಟು ಗಾತ್ರ, ಗಿಡವಿದ್ದವರು ಬಕೆಟ್ಟುಗಟ್ಟಲೆ ಹಂಚುತ್ತಾರೆ. ಪಕ್ಕದ ಮನೆಯ ಅಂಕಲ್, ಹೈನುಗಾರಿಕೆ ಮಾಡಿ ನಿವೃತ್ತರಾದ ಮುದುಕ, ಪ್ರತಿ ವರ್ಷ ನಮಗೂ ಕೊಡುತ್ತಿದ್ದರು. ಆ ವರ್ಷವೂ ಒಂದು ಸಂಜೆ ಬಕೆಟ್ಟು ಹಿಡಿದು ಬಂದು ಬೆಲ್ ಬಾರಿಸಿದರು. ನನ್ನ ಗಂಡ ತುಟಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ ಬ್ಯಾಟು ಎತ್ತಿಕೊಂಡರು. ಮತ್ತೆ ಬೆಲ್ ಆಯಿತು. ಯಾರೂ ಅಲುಗಾಡಲಿಲ್ಲ. ಆಮೇಲೆ ಹೆಜ್ಜೆಯ ಸದ್ದು ಮನೆಯನ್ನು ಸುತ್ತಿ ಹಿಂದಕ್ಕೆ ಹೋಯಿತು. ಮಗಳು ಆಗಷ್ಟೇ ಸೈಕಲ್ಲು ಇಟ್ಟು ಹಿಂಬಾಗಿಲಿನಿಂದಲೇ ಒಳಗೆ ಬಂದಿದ್ದಳು. ಚಿಲಕ ಹಾಕದ ಆ ಗಾಜಿನ ಬಾಗಿಲು ಸರಿಯಿತು.

"ಎನಿವನ್ ಹೋಮ್?" ಎನ್ನುತ್ತಾ ಮುದುಕ ಒಳಗೆ ಕಾಲಿಟ್ಟದ್ದು ನನ್ನ ಗಂಡನ ಬಲಕ್ಕೆ, ಕಣ್ಣಿಲ್ಲದ ಬದಿಗೆ. ಅವರು ಯಾರು ಏನು ಎಂದು ನೋಡಲಿಲ್ಲ. ತಿರುಗುತ್ತಲೇ ಬ್ಯಾಟನ್ನು ಬೀಸಿದರು.

ಮಂಡಿನೋವಿನ ಅತ್ತೆ ಅಷ್ಟು ಬೇಗ ಕುರ್ಚಿಯಿಂದ ಹೇಗೆ ಎದ್ದರೋ ನನಗೆ ಗೊತ್ತಿಲ್ಲ. ಇಬ್ಬರ ನಡುವೆ ಬಂದು ಕೈ ಅಡ್ಡ ಹಿಡಿದರು. ಬ್ಯಾಟು ಅವರ ಎಡ ಮುಂಗೈಗೆ ಬಡಿಯಿತು. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಬಕೆಟ್ಟು ಉರುಳಿ ಹಣ್ಣು ನೆಲದ ತುಂಬ ಓಡಿದವು. ನನ್ನ ಗಂಡ ಬ್ಯಾಟನ್ನು ಮತ್ತೆ ಎತ್ತಿದರು. "ಡ್ಯಾಡ್, ಸ್ಟಾಪ್! ಇಟ್ಸ್ ಅಜ್ಜಿ!" ಎಂದು ಮಗಳು ಚೀರಿದಳು. ನಾನು ಬ್ಯಾಟಿಗೆ ಜೋತುಬಿದ್ದೆ. ಅತ್ತೆ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಿಂದ ಮಗನ ಕೆನ್ನೆಗೆ ಫಟಾರನೆ ಬಾರಿಸಿದರು.

"ಲೇ, ಇನ್ನೊಂದು ಕಣ್ಣು ಐತಲ್ಲೋ! ಅದರಿಂದರೇ ನೋಡೋ!"

ನನ್ನ ಗಂಡ ಬ್ಯಾಟು ಬಿಟ್ಟು ಹಣ್ಣುಗಳ ನಡುವೆ ಕುಸಿದು ಕೂತು ಹೋ ಎಂದು ಅತ್ತರು. ಕಣ್ಣು ಹೋದ ದಿನವೂ ಅತ್ತಿರಲಿಲ್ಲ.

ಮುದುಕ ತಮ್ಮ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ಹೇಗಾಯಿತೆಂದು ನರ್ಸ್ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಕೇಳಿದಾಗ ಆದದ್ದನ್ನು ಆದ ಹಾಗೆ ಹೇಳಿದೆ. ಮುಚ್ಚಿಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಪೊಲೀಸರು ಮನೆಗೆ ಬಂದರು, ಮುದುಕ ದೂರು ಕೊಡಲಿಲ್ಲ, ಆಪ್ತಸಲಹೆಗಾರರ ಹತ್ತಿರ ಹೋಗಲೇಬೇಕೆಂದು ಗಂಡನಿಗೆ ತಾಕೀತಾಯಿತು. ಬ್ಯಾಟು ಮಾತ್ರ ಸೋಫಾದ ಪಕ್ಕದಲ್ಲೇ ಇತ್ತು. ನಾನು ಅದನ್ನು ಗ್ಯಾರೇಜಿನಲ್ಲಿಟ್ಟರೆ ಮರುದಿನ ಮತ್ತೆ ಅಲ್ಲಿಗೇ ಬಂದಿರುತ್ತಿತ್ತು.

ಅತ್ತೆಯ ಪೆಟ್ಟಿಗೆ ತುಂಬಿಯಾಗಿತ್ತು. ಹೊರಡುವ ವಾರ, ಹೊರಗೆ ಬೆಳಕು ಕುಂದುತ್ತಿದ್ದಾಗ, ಅವರು ಹಿಂದಿನ ಗಾಜಿನ ಬಾಗಿಲನ್ನು ತಾವೇ ಎಳೆದು ಚಿಲಕ ಹಾಕಿ ಬಂದರು. ಪ್ಲಾಸ್ಟರಿನ ಕೈ ಕೊರಳ ಜೋಳಿಗೆಯಲ್ಲಿತ್ತು, ಇನ್ನೊಂದು ಕೈಯಲ್ಲಿ ಹಚ್ಚದ ದೀಪ. ಮಗನ ಮುಂದೆ ನಿಂತರು.

"ಒಂದ್ ಮಾತು ಕೇಳ್ತೀನಿ, ಹೇಳು. ಮುಂದಿನ ಬಾಗಲಾ ತಗದಿದ್ರ ಆ ಮುದುಕಪ್ಪ ಹಿಂದಿಂದ ಯಾಕ ಬರ್ತಿದ್ದ?"

ನನ್ನ ಗಂಡ ಬ್ಯಾಟನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಲ್ಲಿ ತಗದದ್ದು ನನ್ನ ತಪ್ಪು. ಸಾಯೋತನಕಾ ನಂದಽ ಅದು. ಇಲ್ಲಿ ಹಾಕಿದ್ದು ನಿಂದು," ಎಂದರು ಅತ್ತೆ. "ನನಗ ಹೋಗಂತಿ ಅಂದ್ರ ಹೋಗ್ತೀನಿ. ಇರು ಅಂತಿದ್ರ ಏಳು, ಬಾಗಲಾ ತಗಿ."

"ನನಗ ಆಗೂದಿಲ್ಲವ್ವಾ," ಎಂದರು ನನ್ನ ಗಂಡ. "ಆ ಕಡಿಂದ ಯಾರು ಬಂದ್ರೂ ನನಗ ಕಾಣಂಗಿಲ್ಲ."

"ಬಡಿಗಿ ಬೇಕಂದ್ರ ಕೈಯಾಗ ಹಿಡ್ಕೋ. ತಗಿ."

ಅವರು ಬ್ಯಾಟು ತೆಗೆದುಕೊಂಡೇ ಎದ್ದರು. ಮೇಲಿನ ಚಿಲಕ ಸರಿಸಿದರು, ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೆಳಗಿನದನ್ನೂ ಸರಿಸಿದರು. ಮಗಳು ನನ್ನ ಕೈ ಹಿಡಿದಿದ್ದಳು, ಉಗುರು ಚುಚ್ಚುತ್ತಿತ್ತು. ಬಾಗಿಲು ತೆರೆದ ಕೂಡಲೇ ಚಳಿಗಾಳಿ ಒಳಗೆ ನುಗ್ಗಿತು. ಅತ್ತೆ ಕಾರ್ಪೆಟ್ಟಿನ ಕಲೆಯ ಆಚೆ, ಹೊಸ್ತಿಲಿಗೆ ದೀಪವಿಟ್ಟು ನನ್ನನ್ನು ನೋಡಿದರು. ನಾನು ಬಗ್ಗಿ ಕಡ್ಡಿ ಗೀರಿದೆ. ಗಾಳಿಗೆ ಆರಿತು. ಮತ್ತೆ ಗೀರಿ ಅಂಗೈ ಮರೆ ಮಾಡಿ ಹಚ್ಚಿದೆ.

ಅತ್ತೆ ಹೋಗಿ ಮಗನ ಬಲಕ್ಕೆ ನಿಂತರು. ಅವರ ಪ್ಲಾಸ್ಟರಿನ ಕೈ ಇವರ ತೋಳಿಗೆ ತಾಗುತ್ತಿತ್ತು.

"ಈ ಕಡೆ ನಾನು ನೋಡ್ತೀನಿ," ಎಂದರು. ಸ್ವಲ್ಪ ಹೊತ್ತು ಬೀದಿಯನ್ನು ನೋಡಿ, "ಯಾರೂ ಇಲ್ಲ, ತಮ್ಮಾ. ಒಂದು ಬೆಕ್ಕು ಹೊಂಟೈತಿ," ಎಂದರು.