ಕಾನ್ವೆಂಟ್ ಸೊಸೆ ಓದಿದ ಕಾರಿನ ಚರಿತ್ರೆ

ನನ್ನವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮ ವಾಸ ಕಾಗದನಗರದ ಕ್ವಾರ್ಟರ್ಸಿನಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳವು. ರುಬ್ಬಿ ಮತ್ತೆ ಕಾಗದ ಮಾಡಲೆಂದು ಹೊರದೇಶದ ರದ್ದಿ ಕಟ್ಟುಗಟ್ಟಲೆ ಬರುತ್ತಿತ್ತು. ಅದರಲ್ಲಿ ಸಿಕ್ಕಿದ ಬಣ್ಣಬಣ್ಣದ ಪುಸ್ತಕವೊಂದನ್ನು ಇವರು ಮೇಲಿನವರನ್ನು ಕೇಳಿ ಮನೆಗೆ ತಂದರು. ಫ್ರಾನ್ಸಿನ ಒಂದು ಪುಟ್ಟ ಕಾರು ಕಂಪನಿಯ ಚರಿತ್ರೆ. ಅದರ ತುಂಬಾ ಅಂಗೈಯಿಂದ ತಟ್ಟಿ ಚಪ್ಪಟೆ ಮಾಡಿದಂಥ ರೇಸಿನ ಕಾರುಗಳು, ಅಕ್ಕಿರೊಟ್ಟಿಗೆ ಚಕ್ರ ಹಚ್ಚಿದ ಹಾಗೆ.

ಅದನ್ನು ನೋಡಿದ್ದೇ ತಡ, ಮೈದುನನಿಗೆ ಹುಚ್ಚು ಹತ್ತಿತು. ಫೈಬರಿನಲ್ಲಿ ನೀರಿನ ಟ್ಯಾಂಕು, ಗಣಪತಿ ಪೆಂಡಾಲಿಗೆ ಆನೆಯ ತಲೆ ಮಾಡುವುದನ್ನು ಕಲಿತವನು ಅವನು. ಹಳೇ ಕಾರಿನ ಎಂಜಿನ್ನಿಗೆ ಫೈಬರ್ ಮೈ ಕೂರಿಸಿ ತಾನೂ ಕಾರು ಮಾಡುತ್ತೇನೆಂದ. ಅದಕ್ಕೆ ಜಾಗ ಬೇಕಲ್ಲ? ಸವಳಂಗ ರಸ್ತೆಯಲ್ಲಿ ಮಾವನವರ ಖಾಲಿ ಶೆಡ್ಡೊಂದಿತ್ತು. ಅದನ್ನು ಅಡಿಕೆ ಮಂಡಿಯವರು ಗೋದಾಮಿಗೆ ಕೇಳುತ್ತಿದ್ದರು.

ದುರ್ಗಿಗುಡಿಯ ತಮ್ಮ ಮನೆಯಲ್ಲಿ ಒಂದು ಭಾನುವಾರ ಮಾವ ತೀರ್ಪು ಕೊಟ್ಟರು. "ಈ ಕಸುಬು ಮಾಡಿದೋರು ಉದ್ಧಾರ ಆಗಿದ್ರೆ ಶೆಡ್ಡು ನಿಂಗೆ. ಇಲ್ಲಾಂದ್ರೆ ಮಂಡಿಯೋರಿಗೆ. ಪುಸ್ತಕದಲ್ಲಿ ಇರುತ್ತಲ್ಲ, ನಿಮ್ಮತ್ತಿಗೆ ಓದಿ ಹೇಳಲಿ."

"ಮಾವ, ಇದು ಫ್ರೆಂಚು."

"ಎಬಿಸಿಡಿನೇ ಇದೆಯಲ್ಲಮ್ಮಾ. ನೀನು ಕಾನ್ವೆಂಟು!"

ಮೈದುನ ನನ್ನ ಕಾಲಿಗೆ ಬೀಳುವುದೊಂದು ಬಾಕಿ. ಓದಿದೆ. ವಿಚಿತ್ರವೆಂದರೆ, ಇಂಗ್ಲಿಷಿನ ಹಾಗೆ ಕಾಣುತ್ತಿದ್ದ ಪದಗಳೆಲ್ಲ ಶುಭದವೇ. ಗ್ಯಾರೇಜು, ಮೋಟಾರು, ವಿಕ್ಟರಿಯಂಥದ್ದೊಂದು, ಸಕ್ಸೆಸ್ಸಿನಂಥದ್ದೊಂದು. ಉಳಿದದ್ದನ್ನು ಫೋಟೋಗಳೇ ಹೇಳಿದವು. ಅಣ್ಣತಮ್ಮ ಇಬ್ಬರು ಶೆಡ್ಡಿನಲ್ಲಿ ಶುರು ಮಾಡಿದ್ದರು. ಎಂಜಿನ್ನು ಯಾವುದೋ ದೊಡ್ಡ ಕಂಪನಿಯದು, ಮೈ ಮಾತ್ರ ಇವರದು, ಫೈಬರಿನದು. ಆಮೇಲೆ ಹಿಮದ ಬೆಟ್ಟದಲ್ಲಿ ರೇಸು, ಕೈಯಲ್ಲಿ ಬೆಳ್ಳಿ ಕಪ್ಪು.

"ನೋಡಿ ಅಪ್ಪಾಜಿ!" ಅಂದ ಮೈದುನ.

"ಕೊನೇಲಿ ಏನಾಯ್ತು?" ಅಂದರು ಮಾವ. ಪೇಂಟಿನ ಅಂಗಡಿ ನಡೆಸಿ ತಲೆ ಹಣ್ಣಾದವರು.

ಕೊನೆಯ ಅಧ್ಯಾಯದಲ್ಲಿ ಒಂದೇ ಪದ ಮತ್ತೆ ಮತ್ತೆ ಬರುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಚೀಟಿಯಲ್ಲಿ ಬರೆದುಕೊಂಡು ನಾನು ಓದಿದ ಕಾನ್ವೆಂಟಿಗೇ ಹೋದೆ. ಅಲ್ಲಿನ ಹಿರಿಯ ಸಿಸ್ಟರು ಮಂಗಳೂರ ಕಡೆಯವರು, ಹುಡುಗಿಯರನ್ನೆಲ್ಲ 'ಬಾಯೆ' ಎಂದೇ ಕರೆಯುವವರು, ಪಾಂಡಿಚೇರಿಯಲ್ಲಿದ್ದು ಫ್ರೆಂಚು ಕಲಿತವರು. ಪ್ರಾರ್ಥನೆಯ ಗಂಟೆ ಹೊಡೆದಿತ್ತು. ನಡೆಯುತ್ತಲೇ ಚೀಟಿ ನೋಡಿ, "ಇದಾ? ದಿವಾಳಿ ಬಾಯೆ, ದಿವಾಳಿ!" ಎಂದು ಒಳಗೆ ಹೋಗಿಬಿಟ್ಟರು.

ನಾವು ಓದುವಾಗ ದೀಪಾವಳಿ ರಜೆ ಅವರ ಕೊಂಕಣಿ ಬಾಯಲ್ಲಿ ಯಾವತ್ತೂ 'ದಿವಾಳಿ ರಜೆ'. ಹಾಗಾಗಿ ನನಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಫೋಟೋನೂ ಹೊಂದುತ್ತಿತ್ತು: ಕಾರ್ಖಾನೆಯ ಗೇಟಿನ ಮುಂದೆ ಜನ, ನಡುವೆ ಧಗಧಗ ಬೆಂಕಿ. ಮುಖಗಳು ಸ್ವಲ್ಪ ಜೋತುಬಿದ್ದಿದ್ದವು. ಆ ದೇಶದವರಿಗೆ ಫೋಟೋಗೆ ನಗುವ ಅಭ್ಯಾಸವಿಲ್ಲವೇನೋ ಅಂದುಕೊಂಡೆ. ದುರ್ಗಿಗುಡಿಗೆ ಹೋಗಿ, ಸಿಸ್ಟರನ್ನು ಕೇಳಿಕೊಂಡು ಬಂದೆ ಎಂದೆ.

"ಕೊನೇಲಿ ಎಲ್ಲರೂ ಸೇರಿ ದೀಪಾವಳಿ ಮಾಡ್ತಾರೆ, ಮಾವ."

"ಫ್ರಾನ್ಸಲ್ಲಿ?"

"ಹೂಂ, ಗೇಟಿನ ಮುಂದೆ ಬೆಂಕಿ ಹಾಕಿ."

ಮಾವನಿಗೆ ಬಹಳ ಸಂತೋಷವಾಯಿತು. "ಅಲ್ಲೂ ಲಕ್ಷ್ಮೀಪೂಜೆ ಬಿಟ್ಟಿಲ್ಲ ಅನ್ನು!" ಶೆಡ್ಡಿನ ಬೀಗದ ಕೈ ಮೈದುನನಿಗೆ ಸಿಕ್ಕಿತು. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಮಾವ ಕುತೂಹಲಕ್ಕೆ ಕೇಳಿದರು, "ಸಿಸ್ಟರು ಏನಂದ್ರಮ್ಮಾ? ಅವರಂದ ಹಾಗೇ ಹೇಳು."

"ದಿವಾಳಿ ಅಂದ್ರು."

ವ್ಯಾಪಾರಸ್ಥರ ಮನೆಯಲ್ಲಿ ಆ ಪದವನ್ನು ತಪ್ಪಿಯೂ ಆಡುವುದಿಲ್ಲ. ಮಾವ ಹಣೆಯ ವಿಭೂತಿ ಮುಟ್ಟಿಕೊಂಡರು. "ಶಿವಾ ಶಿವಾ! ಕೊಡಿಲ್ಲಿ ಪುಸ್ತಕ." ಫೋಟೋ ಹತ್ತಿರ ಹಿಡಿದು ನೋಡಿದರು. "ಹಬ್ಬದ ದಿನ ಯಾರಾದ್ರೂ ಇಂಥ ಮುಖ ಮಾಡ್ತಾರೇನಮ್ಮಾ? ಸುಡ್ತಿರೋದು ಟೈರು. ಪಾಪರ್ ಆಗಿ ಬೀಗ ಹಾಕಿದಾರೆ ಇವರು!"

ಆಗ ನನಗೆ ತಿಳಿಯಿತು. ನೆಲ ಬಾಯಿ ಬಿಡಬಾರದೇ ಅನಿಸಿತು. ಮೈದುನ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಬೀಗದ ಕೈಯನ್ನು ಬೆನ್ನ ಹಿಂದೆ ಅಡಗಿಸಿ ನಿಂತಿದ್ದ.

ಮಾವ ಪುಟ ತಿರುವಿ ಮೊದಲ ಫೋಟೋಗೆ ಬಂದರು. "ಎಷ್ಟು ವರ್ಷ ನಡೆಸಿದ್ರಂತೆ?"

ಫೋಟೋಗಳ ಕೆಳಗಿನ ಇಸವಿ ನೋಡಿ ಹೇಳಿದೆ, "ಮೂವತ್ತರ ಮೇಲಾಗುತ್ತೆ, ಮಾವ."

"ಮೂವತ್ತು ವರ್ಷ!" ಅಂದರು. "ನಮ್ಮ ಬೀದೀಲಿ ಬೋರ್ಡಿನ ಪೇಂಟು ಒಣಗೋದ್ರೊಳಗೆ ಮುಚ್ಕೊಂಡು ಹೋಗ್ತಾರೆ. ಅಷ್ಟು ದಿನ ಬಾಳಿದ್ರೆ ಸಾಕಪ್ಪ. ಕೀ ನಿನ್ನ ಹತ್ರಾನೇ ಇರ್ಲಿ. ಆದ್ರೆ ಮೊದಲನೇ ಕಾರಲ್ಲಿ ನಾನು ಕೂರಬೇಕು."

ತೊಡಕಾದದ್ದು ಅಲ್ಲೇ. ಮಾವನಿಗೆ ಮಂಡಿ ಮಡಚುವುದಿಲ್ಲ, ಕರಿ ಟೋಪಿಯಿಲ್ಲದೆ ಅವರು ಹೊರಡುವುದೂ ಇಲ್ಲ. ಮೈದುನ ಸೀಟು ಏರಿಸಿದ, ಅದಕ್ಕೆ ತಕ್ಕಂತೆ ಕಾರಿನ ಮೇಲಿನ ಮಾಡು ಏರಿಸಿದ, ಟೋಪಿ ತಾಗಿತೆಂದು ಇನ್ನೊಮ್ಮೆ ಏರಿಸಿದ. ಕೊನೆಗೆ ಮೂತಿಯೊಂದು ಫ್ರಾನ್ಸಿನದಾಗಿ, ಮಿಕ್ಕದ್ದು ಉಬ್ಬಿದ ಬನ್ನಿನಂತಾಯಿತು. ಮಾವ ಅದರಲ್ಲಿ ಟೋಪಿ ಸಮೇತ ನೆಟ್ಟಗೆ ಕೂತು ಸವಳಂಗ ರಸ್ತೆಗಿಳಿದರು. ಹಾಲಿನವನ ಸೈಕಲ್ಲು ಕಾರನ್ನು ಹಿಂದೆ ಹಾಕಿ ಹೋಯಿತಂತೆ. ಮೈದುನನಿಗೆ ಅವಮಾನವಾಗಿ ಆಕ್ಸಿಲರೇಟರ್ ಒತ್ತಹೋದರೆ, ಮಾವ ಅವನ ತೊಡೆ ತಟ್ಟಿದರಂತೆ: "ನಿಧಾನ ಹೋಗೋ ಮಾರಾಯ, ಜನ ನೋಡ್ಲಿ."