ಬಣ್ಣ ಹಚ್ಚುವ ಚಾಚಾ

ನಮ್ಮ ಕಾಲೇಜಿನ ನಾಟಕಗಳಿಗೆ ಬಣ್ಣ ಹಚ್ಚಲು ಲಕ್ಷ್ಮೇಶ್ವರದಿಂದ ಗದಗಿಗೆ ಒಬ್ಬ ಚಾಚಾ ಬರುತ್ತಿದ್ದರು. ಮುಖಕ್ಕೆ ಬಣ್ಣ ಬಿದ್ದ ಮೇಲೆ ಅವರು ಯಾರನ್ನೂ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ, ಪಾತ್ರದ ಹೆಸರೇ. ನಾನು ಮೊದಲ ಸಲ ರಾಣಿಯಾದ ದಿನ, ಪರದೆ ಏಳುವ ಹೊತ್ತಿಗೆ ನಾಲಿಗೆ ಒಣಗಿ ಮಾತೆಲ್ಲ ಮರೆತಂತಾಯಿತು.

“ಚಾಚಾ, ನನ್ನ ಕೈಲೆ ಆಗೂದಿಲ್ರಿ. ಮನಿಗೆ ಹೋಗ್ತೀನಿ” ಎಂದೆ.

“ಯಾವ ಮನಿರಿ, ರಾಣಿಸಾಹೇಬ್ರ?” ಎಂದು ನನ್ನ ಹುಬ್ಬು ತಿದ್ದುತ್ತಲೇ ರಂಗದ ಕಡೆ ಕೈ ಮಾಡಿದರು. “ಅರಮನಿ ಅಲ್ಲೈತಿ. ಜಲ್ದಿ ನಡೀರಿ, ರಾಜಾ ಒಬ್ಬನ ಕುಂತು ಬೆವರಾಕ ಹತ್ಯಾನ.”

ನನಗೆ ನಗು ಬರಲಿಲ್ಲ. ಹೋಗಿ ರಂಗದ ಮೇಲೆ ನಿಂತೆ. ಎದುರಿನ ಕತ್ತಲಲ್ಲಿ ಯಾರೋ ಕೆಮ್ಮಿದರು. ಮೊದಲ ಮಾತು ಹೇಗೋ ಹೊರಬಿತ್ತು. ಧೈರ್ಯಕ್ಕೆಂದು, ಬದಿಯ ಪರದೆಯ ಮರೆಯಲ್ಲಿದ್ದ ಚಾಚಾ ಅವರತ್ತ ನೋಡಿದೆ. ಅವರು ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಿಂದ ಕಿವಿ ಒತ್ತಿಕೊಂಡು ನಿಂತಿದ್ದರು.