ತಮಟೆ ನಿಲ್ಲುವ ಜಾಗ

ಹೋದ ವಾರ ನಮ್ಮ ಬೀದಿಯಲ್ಲಿ ಒಂದು ಹೆಣ ಹೋಯಿತು. ಜೊತೆಗೆ ನನ್ನ ನಿದ್ದೆಯೂ ಹೋಯಿತು.

ದೆವ್ವ-ಗಿವ್ವದ ಕಥೆ ಅಂದುಕೊಳ್ಳಬೇಡಿ. (ಸತ್ತವರು ವಯಸ್ಸಾದವರು, ನೆಮ್ಮದಿಯಾಗಿ ಹೋದರು.) ನನ್ನನ್ನು ಹೆದರಿಸಿದ್ದು ತಮಟೆ. ಅದರ ಸದ್ದಲ್ಲ, ಅದು ನಿಂತ ಜಾಗ.

ಚನ್ನಪಟ್ಟಣದ ನಮ್ಮ ಬೀದಿಯಲ್ಲೊಂದು ಪದ್ಧತಿ ಇದೆ. ಹೆಣದ ಮುಂದೆ ಬಡಿಯುವ ತಮಟೆಯನ್ನು ಲೈಟ್ ಕಂಬದ ಹತ್ತಿರ ನಿಲ್ಲಿಸುತ್ತಾರೆ. ಹಿಟ್ಟಿನ ಗಿರಣಿ ದಾಟಿದ ಮೇಲೆ ಮತ್ತೆ ಬಡಿಯುತ್ತಾರೆ. ಯಾಕೆ ಅಂತ ಕೇಳಿದರೆ, ಹಿರಿಯರು ಮಾಡಿಕೊಂಡು ಬಂದದ್ದು ಅನ್ನುತ್ತಾರೆ. ಇಲ್ಲಿ ಸೈಟು ತಗೊಂಡು ಮನೆ ಕಟ್ಟಿದ ಮೇಲೆ ಎಷ್ಟೋ ಸಲ ನೋಡಿದ್ದೆ. ತಲೆ ಕೆಡಿಸಿಕೊಂಡಿರಲಿಲ್ಲ.

ಆ ದಿನ ಪಕ್ಕದಲ್ಲಿ ಗೆಳೆಯ ಚಿಕ್ಕೇಗೌಡ ಇದ್ದ. ಕಾಲೇಜಿನಲ್ಲಿ ಹಿಸ್ಟರಿ ಮೇಷ್ಟ್ರು. ಕೆರೆ ಏರಿಯ ಮೇಲಿದ್ದ ಒಂದು ಶಾಸನ ಓದಿದಾಗಿನಿಂದ ಅವನಿಗೆ ಒಂದೇ ಹುಚ್ಚು. ಪಾಳೆಯಗಾರರ ಕಾಲಕ್ಕೂ ಹಿಂದಿನ ಪುಟ್ಟ ಭೈರವನ ಗುಡಿ. ಪೇಟೆಯೊಳಗೆ, ಬಾವಿಯ ಪಕ್ಕ. ಅದರ ನಂದಾದೀಪಕ್ಕೆ ಯಾರೋ ಹೊಲ ಬಿಟ್ಟಿದ್ದರಂತೆ. ಗುಡಿ ಬಿದ್ದು ಮಣ್ಣಾಗಿದೆ. ಎಲ್ಲಿತ್ತು ಅಂತ ಯಾರನ್ನು ಕೇಳಿದರೂ ಗೊತ್ತಿಲ್ಲ.

ಹುಡುಕೋಣ ಬಾ ಅಂತ ನನ್ನನ್ನೂ ಭಾನುವಾರಗಳಲ್ಲಿ ಬೀದಿ ಬೀದಿ ಅಲೆಸಿದ್ದ. ಗೊಂಬೆ ಮಾಡುವವರ ಹಿತ್ತಲುಗಳನ್ನೂ ಬಿಟ್ಟಿರಲಿಲ್ಲ. ನನಗೂ ಒಳ್ಳೇ ಉತ್ಸಾಹ. ಬೇರೆಯವರ ಹಿತ್ತಲಲ್ಲಿ ದೇವರನ್ನು ಹುಡುಕುವುದಕ್ಕೆ ಯಾರಿಗೆ ಉತ್ಸಾಹ ಇರಲ್ಲ ಹೇಳಿ?

ತಮಟೆ ನಿಂತಿತು. ಚಿಕ್ಕೇಗೌಡ ನನ್ನ ಮೊಣಕೈ ಹಿಡಿದ.

"ಗುಡಿ ಮುಂದೆ ಸಾವಿನ್ ತಮಟೆ ಬಡಿಯಾಕಿಲ್ಲ ಕಣ್ಲಾ. ಗುಡಿ ಹೋಗೈತೆ, ಪದ್ಧತಿ ಉಳ್ಕಂಡೈತೆ."

ಕಂಬಕ್ಕೂ ಗಿರಣಿಗೂ ನಡುವೆ ಇರುವುದು ಒಂದೇ ಮನೆ. ನಮ್ಮದು. ಸ್ಕೂಟರ್ ಶೆಡ್ಡಿನೊಳಗೆ, ಚಪ್ಪಡಿ ಹಾಕಿ ಮುಚ್ಚಿದ ಹಳೇ ಬಾವಿಯೂ ಇದೆ. (ಊರೆಲ್ಲ ಬಾವಿ ಹುಡುಕಿದವನಿಗೆ ಮನೆಯದೇ ನೆನಪಾಗಿರಲಿಲ್ಲ ನೋಡಿ.)

ಸುದ್ದಿ ಹೊರಗೆ ಹೋದರೆ? ಮೊದಲು ನಾಲ್ಕು ಜನ ಕೈ ಮುಗಿಯಲು ಬರುತ್ತಾರೆ. ಆಮೇಲೆ ಒಂದು ಕಮಿಟಿ. ಆಮೇಲೆ, ಇಲ್ಲೇ ಅಗೆಯಬೇಕು ಅನ್ನುವವರು. ಗೇಟಿಗೆ ಫ್ಲೆಕ್ಸ್ ಕಟ್ಟಿದ ಮೇಲೆ ಮನೆ ನಮ್ಮದಾ, ಅವರದಾ?

ಬಾಯಿ ಬಿಡಬೇಡ ಅಂತ ಗೆಳೆಯನ ಕೈ ಹಿಡಿದುಕೊಂಡೆ. ಒಪ್ಪಿದ. ಮುಖ ಮಾತ್ರ ಸಪ್ಪಗಾಯಿತು, ಪಾಪ.

ಹೆಂಡತಿಗೆ ಬೇರೆಯದೇ ಭಯ. ಇಷ್ಟು ವರ್ಷ ದೇವರ ನೆತ್ತಿ ಮೇಲೆ ಸ್ಕೂಟರ್ ನಿಲ್ಲಿಸಿದ್ದೀವಿ, ಭೈರವ ಸುಮ್ಮನೆ ಬಿಡುತ್ತಾನಾ ಅಂದಳು. ನಗಲು ನೋಡಿದೆ, ಆಗಲಿಲ್ಲ. ಅವತ್ತಿನಿಂದ ಸ್ಕೂಟರ್ ಬಿಸಿಲಲ್ಲಿ. ಶೆಡ್ಡಿಗೆ ಹೋಗುವಾಗ ಇಬ್ಬರೂ ಚಪ್ಪಲಿ ಬಿಡುತ್ತೇವೆ. ಸಂಜೆ ಅವಳು ಚಪ್ಪಡಿ ಮೇಲೆ ಹಣತೆ ಹಚ್ಚುತ್ತಾಳೆ. ಬೀದಿಗೆ ಕಾಣದಂತೆ ನಾನೊಂದು ಪ್ಲೈವುಡ್ ಹಲಗೆ ಅಡ್ಡ ಇಡುತ್ತೇನೆ. ಗೇಟು ಕಿರ್ರೆಂದರೆ ಇಬ್ಬರಿಗೂ ಜೀವ ಬಾಯಿಗೆ ಬರುತ್ತದೆ.

ಇವತ್ತು ಸಂಜೆ ಎದುರುಮನೆ ಕೆಂಚಮ್ಮಜ್ಜಿ ಕರಿಬೇವು ಕೇಳಿಕೊಂಡು ಬಂದರು. ಈ ಬೀದಿಗೇ ಸೊಸೆಯಾಗಿ ಬಂದು ಹಣ್ಣಾದವರು. ನೇರ ಹೋಗಿ ಹಲಗೆಯ ಹಿಂದೆ ಇಣುಕಿದರು. ಕರೆಂಟ್ ಹೋಗಿತ್ತು, ಅದಕ್ಕೇ ದೀಪ ಅಂದೆ. ತಲೆ ಮೇಲೆ ಬಲ್ಬು ಉರಿಯುತ್ತಿತ್ತು.

ಅಜ್ಜಿ ಚಪ್ಪಲಿ ಬಿಟ್ಟು ಕೈ ಮುಗಿದರು.

"ಸರಿಯಾದ್ ಜಾಗ್ದಲ್ಲೇ ಮಡ್ಗಿದ್ದೀರ ಕಣಪ್ಪ. ನಮ್ಮತ್ತೆನೂ ಅಲ್ಲೇ ಹಚ್ಚೋರು. ನೀವು ಮನೆ ಕಟ್ಕಂಡ್ಬುಟ್ರಿ, ಹೆದ್ರುಕೋತೀರಿ ಅಂತ ನಾವ್ಯಾರೂ ಬಾಯ್ ಬುಡ್ಲಿಲ್ಲ."

ನಾವ್ಯಾರೂ ಅಂದರೆ ಎಷ್ಟು ಜನ? ಗುಡಿ ಎಲ್ಲಿತ್ತು ಅಂತ ನಾನೂ ಚಿಕ್ಕೇಗೌಡನೂ ಕೇಳಿದಾಗ ಗೊತ್ತಿಲ್ಲ ಅಂದಿದ್ದ ಅಷ್ಟೂ ಮುಖಗಳು ಕಣ್ಮುಂದೆ ಬಂದವು. ಅಷ್ಟು ಜನ, ಅಷ್ಟು ವರ್ಷ, ನಮಗೋಸ್ಕರ ಬಾಯಿ ಮುಚ್ಚಿಕೊಂಡಿದ್ದರು. ಈಗ ದೀಪ ಹಚ್ಚಿ ಬಾಯಿ ಬಿಡಿಸಿದವರು ನಾವೇ.

ನಾಳೆ ಎಣ್ಣೆ ತರುತ್ತೇನೆ, ನಾಲ್ಕು ಮನೆ ಹೆಂಗಸರೂ ಬರುತ್ತಾರೆ ಅಂತ ಹೇಳಿ ಅಜ್ಜಿ ಹೊರಟರು.

ನೀವೇ ಹೇಳಿ, ನಾಳೆ ಗೇಟು ತೆಗೆಯಲೋ, ಬೇಡವೋ?